ಲೆಕ್ಕದ ಹಾಳೆಯಲ್ಲಿ ಶ್ರಮವನ್ನು ಉಳಿಸುವ ಬಗೆ

ಕರಿಹಲಗೆಯ ಮೇಲೆ ಬರೆದ ಲೆಕ್ಕದ ಕೋಷ್ಟಕದಲ್ಲಿ ಒಂದು ಅಂಕಿಯನ್ನು ತಿದ್ದಿದೆವೆನ್ನಿ. ಅದನ್ನು ಅವಲಂಬಿಸಿದ ಉಳಿದ ಅಂಕಿಗಳನ್ನೆಲ್ಲ ಅಳಿಸಿ ಮತ್ತೆ ಬರೆಯಬೇಕಾಗುತ್ತದೆ. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನಲ್ಲಿ ವಿದ್ಯಾರ್ಥಿಯಾಗಿದ್ದ ಡ್ಯಾನ್ ಬ್ರಿಕ್ಲಿನ್ ಈ ತೊಡಕನ್ನು ಕಂಡು, ಬಾಬ್ ಫ್ರಾಂಕ್‌ಸ್ಟನ್ ಅವರೊಡಗೂಡಿ 'ವಿಸಿಕ್ಯಾಲ್ಕ್' ಎಂಬ ತಂತ್ರಾಂಶವನ್ನು ರಚಿಸಿದರು. ಅದು ೧೯೭೯ರಲ್ಲಿ ಹೊರಬಂದಿತು. ಇಂದಿನ ಎಕ್ಸೆಲ್ ಮೊದಲಾದ ಸ್ಪ್ರೆಡ್‌ಶೀಟುಗಳು ಆ ಮಾರ್ಗದಲ್ಲಿಯೇ ಬೆಳೆದುವು. ಇವುಗಳ ಮರ್ಮ ಒಂದೇ: ಸೂತ್ರವನ್ನು ನಾವು ಒಮ್ಮೆ ಹೇಳಬೇಕು, ಲೆಕ್ಕವನ್ನು ಯಂತ್ರವು ಮಾಡಬೇಕು. ಇದನ್ನು ಮರೆತು ನಮ್ಮಲ್ಲಿ ಅನೇಕರು ಅವನ್ನು ಬರಿಯ ಗೆರೆ ಹಾಕಿದ ಕಾಗದದಂತೆ ಬಳಸಿ ವೃಥಾ ಶ್ರಮಪಡುತ್ತೇವೆ.

ಹಾಲಿನ ಸಂಘವೊಂದರ ಲೆಕ್ಕವನ್ನು ಉದಾಹರಣೆಗಾಗಿ ತೆಗೆದುಕೊಳ್ಳೋಣ. 'ಎ' ಕಂಬಸಾಲಿನಲ್ಲಿ ಸದಸ್ಯರ ಹೆಸರುಗಳು, 'ಬಿ'ಯಲ್ಲಿ ಅವರು ಹಾಕಿದ ಹಾಲಿನ ಲೀಟರುಗಳು, ಇ೧ ಎಂಬ ಮನೆಯಲ್ಲಿ ಲೀಟರೊಂದರ ಬೆಲೆ ಇರಲಿ. ಮೊದಲನೆಯವರಿಗೆ ಸಲ್ಲಬೇಕಾದ ಹಣಕ್ಕಾಗಿ ಸಿ೨ರಲ್ಲಿ =ಬಿ೨*$ಇ$೧ ಎಂದು ಬರೆಯಬೇಕು. ಡಾಲರ್ ಚಿಹ್ನೆಯಿಲ್ಲದಿದ್ದರೆ, ಸೂತ್ರವನ್ನು ಕೆಳಗಿಳಿಸಿದಾಗ ಬೆಲೆಯ ಮನೆಯೂ ಇ೨, ಇ೩ ಎಂದು ಜಾರುತ್ತದೆ. ಆ ಮನೆಗಳು ಬರಿದಾಗಿರುವುದರಿಂದ ಉತ್ತರ ಸೊನ್ನೆಯಾಗುತ್ತದೆ. ಚಿಹ್ನೆಯು ಬೆಲೆಯನ್ನು ನೆಲೆಯಲ್ಲಿ ನಿಲ್ಲಿಸುತ್ತದೆ. ವಿಂಡೋಸ್ ಗಣಕದ ಎಕ್ಸೆಲ್‌ನಲ್ಲಿ, ಸೂತ್ರವನ್ನು ಬರೆಯುತ್ತಿರುವಾಗಲೇ ಎಫ್೪ ಕೀಲಿಯನ್ನೊತ್ತಿದರೆ ಈ ಚಿಹ್ನೆಗಳು ತಾವಾಗಿ ಬರುತ್ತವೆ.

ಅನಂತರ ಸಿ೨ರ ಬಲಭಾಗದ ಕೆಳಮೂಲೆಯಲ್ಲಿರುವ ಚಿಕ್ಕ ಚೌಕವನ್ನು ಮೌಸಿನಿಂದ ಒಡನೊಡನೆ ಎರಡು ಬಾರಿ ಒತ್ತಿದರೆ, ಪಕ್ಕದ ಸಾಲಿನಲ್ಲಿ ಅಂಕಿಗಳಿರುವವರೆಗೂ ಸೂತ್ರವು ಇಳಿಯುತ್ತದೆ. ಸದಸ್ಯರು ನಾಲ್ವರಿದ್ದರೂ ನಾನೂರಿದ್ದರೂ ಕೆಲಸ ಅಷ್ಟೇ. ನಾಳೆ ಬೆಲೆ ಬದಲಾದರೆ ಇ೧ ಒಂದನ್ನು ತಿದ್ದಿದರೆ ಸಾಕು.

ಆದರೆ ಯಂತ್ರವು ನಾವು ಹೇಳಿದುದನ್ನು ಮಾಡುತ್ತದೆಯೇ ಹೊರತು ನಾವು ಉದ್ದೇಶಿಸಿದುದನ್ನಲ್ಲ. ೨೦೧೦ರಲ್ಲಿ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್ ಎಂಬ ಖ್ಯಾತ ಅರ್ಥಶಾಸ್ತ್ರಜ್ಞರು ರಾಷ್ಟ್ರಗಳ ಸಾಲಕ್ಕೂ ಆರ್ಥಿಕ ಬೆಳವಣಿಗೆಗೂ ಇರುವ ಸಂಬಂಧವನ್ನು ಕುರಿತು ಪ್ರಬಂಧವೊಂದನ್ನು ಪ್ರಕಟಿಸಿದರು. ಸರಕಾರಗಳು ವೆಚ್ಚವನ್ನು ಕಡಿತಗೊಳಿಸಬೇಕೆಂದು ವಾದಿಸಿದವರು ಅದನ್ನು ಪದೇ ಪದೇ ಉಲ್ಲೇಖಿಸಿದರು. ೨೦೧೩ರಲ್ಲಿ ಥಾಮಸ್ ಹೆರ್ನ್‌ಡನ್ ಎಂಬ ವಿದ್ಯಾರ್ಥಿ ಅವರ ಹಾಳೆಯನ್ನು ಪರೀಕ್ಷಿಸಿದಾಗ, ೩೦ರಿಂದ ೪೯ರವರೆಗಿನ ಅಡ್ಡಸಾಲುಗಳ ಸರಾಸರಿಯನ್ನು ತೆಗೆಯಬೇಕಾದ ಸೂತ್ರವು ೪೪ರಲ್ಲಿಯೇ ನಿಂತಿತ್ತು! ಆಸ್ಟ್ರೇಲಿಯ, ಆಸ್ಟ್ರಿಯ, ಬೆಲ್ಜಿಯಂ, ಕೆನಡ, ಡೆನ್ಮಾರ್ಕ್ ಎಂಬ ಐದು ದೇಶಗಳು ಆ ಲೆಕ್ಕದಿಂದ ಹೊರಗುಳಿದಿದ್ದುವು. ಪ್ರಬಂಧದ ಬಗ್ಗೆ ಬೇರೆ ಆಕ್ಷೇಪಗಳೂ ಇದ್ದುವು. ಲೇಖಕರು ತಮ್ಮ ಮುಖ್ಯ ನಿರ್ಣಯವನ್ನು ಬಿಡಲಿಲ್ಲವಾದರೂ, ಸೂತ್ರದ ಈ ತಪ್ಪನ್ನು ಒಪ್ಪಿಕೊಂಡರು.

ಹಾಲಿನ ಸಂಘದಲ್ಲಿಯೂ ಹೀಗಾಗಬಹುದು. ಹೊಸ ಸದಸ್ಯನ ಹಣ ಮೊತ್ತದೊಳಗೆ ಸೇರದೆ ಹೋಗಬಹುದು. ಇದಕ್ಕೆ ಎರಡು ಉಪಾಯಗಳಿವೆ. ಮೊದಲನೆಯದು, ಅಂಕಿಗಳ ನಡುವೆ ನಿಂತು ಕಂಟ್ರೋಲ್ ಮತ್ತು ಟಿ ಕೀಲಿಗಳನ್ನು ಒಟ್ಟಿಗೆ ಒತ್ತಿ, ಅವನ್ನು ಟೇಬಲ್ ಆಗಿ ಮಾರ್ಪಡಿಸುವುದು. ಆಗ ಕೆಳಗೆ ಬರೆದ ಹೊಸ ಸಾಲು ತಾನಾಗಿ ಅದರೊಳಗೆ ಸೇರುತ್ತದೆ; ಟೇಬಲ್ಲಿನ ಕಂಬಸಾಲನ್ನೇ ಹೆಸರಿಸಿದ ಮೊತ್ತದ ಸೂತ್ರವೂ ಅದರೊಡನೆ ಬೆಳೆಯುತ್ತದೆ. ಎರಡನೆಯದು, ಹಣದ ಮನೆಗಳನ್ನೆಲ್ಲ ಆಯ್ದು ಕಿಟಕಿಯ ಕೆಳಪಟ್ಟಿಯನ್ನು ನೋಡುವುದು. ಅಲ್ಲಿ ಕಾಣುವ ಎಣಿಕೆ ಸದಸ್ಯರ ಸಂಖ್ಯೆಯೊಡನೆಯೂ, ಅಲ್ಲಿಯ ಮೊತ್ತ ನಮ್ಮ ಸೂತ್ರದ ಮೊತ್ತದೊಡನೆಯೂ ತಾಳೆಯಾಗಬೇಕು.

ಮೇಲಿನ ಉಪಾಯಗಳಿಂದ ಉಳಿಯುವ ಗಂಟೆಗಳಲ್ಲಿ ಈ ತಾಳೆಗಾಗಿ ಒಂದು ನಿಮಿಷವನ್ನು ಮೀಸಲಿಡೋಣ. ಹಾಲು ಹಾಕಿದವನಿಗೆ ಅವನ ಹಣ ಸಲ್ಲುವುದು ಆ ನಿಮಿಷದಿಂದಲೇ.