ಇಂಗ್ಲಿಷ್ ಪಾಠ: ‘ಡ್ಯೂ’ ಎಂದರೆ ಕೊಡಬೇಕಾದ್ದೋ, ಬರಬೇಕಾದ್ದೋ?

ಕಚೇರಿ, ಕಾರ್ಖಾನೆ, ಬ್ಯಾಂಕುಗಳಿಂದ ನಮ್ಮ ಕೈಗೆ ಬರುವ ಇಂಗ್ಲಿಷ್ ಕಾಗದಗಳಲ್ಲಿ ‘ಡ್ಯೂ’ ಎಂಬ ಪದ ಮೇಲಿಂದ ಮೇಲೆ ಕಾಣುತ್ತದೆ. ನಮ್ಮಲ್ಲಿ ಅನೇಕರು ಇದಕ್ಕೆ ‘ಬಾಕಿ’ ಎಂದಷ್ಟೇ ಅರ್ಥ ಮಾಡಿ, ಕಂಡೊಡನೆ ನಾವೇ ಸಾಲಗಾರರೆಂದು ಹೆದರುತ್ತೇವೆ. ಹಾಗೆ ಹೆದರುವ ಕಾರಣವಿಲ್ಲ.

ಇದು ಗುಣವಾಚಕ. ‘ಋಣಿಯಾಗಿರು’ ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಹುಟ್ಟಿ, ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದಿತು. ಸಾಲವೆಂಬರ್ಥದ ‘ಡೆಟ್’, ಕರ್ತವ್ಯವೆಂಬರ್ಥದ ‘ಡ್ಯೂಟಿ’ ಇದೇ ಮನೆತನದವು. ಕನ್ನಡದಲ್ಲಿ ಇದಕ್ಕೆ ಹತ್ತಿರದ ಮಾತು ‘ಸಲ್ಲತಕ್ಕ’. ‘ಡ್ಯೂ ರೆಸ್ಪೆಕ್ಟ್’ ಎಂದರೆ ಸಲ್ಲತಕ್ಕ ಗೌರವ. ‘ದಿ ಟ್ರೇನ್ ಈಸ್ ಡ್ಯೂ ಅಟ್ ಏಟ್’ ಎಂದರೆ ರೈಲು ಎಂಟು ಗಂಟೆಗೆ ಬರತಕ್ಕದ್ದು. ‘ಇನ್ ಡ್ಯೂ ಕೋರ್ಸ್’ ಎಂದರೆ ತಕ್ಕ ಕಾಲದಲ್ಲಿ. ಇದರಲ್ಲಿ ದಿನದ ನಿಗದಿ ಇಲ್ಲ. ಅರ್ಜಿಗೆ ಇಂಥ ಉತ್ತರ ಬಂದರೆ ತಾರೀಖು ಕೇಳಿ ಮತ್ತೊಮ್ಮೆ ಬರೆಯುವುದು ಲೇಸು.

ಇನ್ನು ಹಣದ ಮಾತು. ಇಲ್ಲಿ ‘ಡ್ಯೂ’ ಪದದ ಮುಂದಿರುವ ಚಿಕ್ಕ ಪದವನ್ನು ನೋಡಬೇಕು. ‘ಡ್ಯೂ ಫ್ರಮ್ ಯು’: ನಿಮ್ಮಿಂದ ಬರತಕ್ಕದ್ದು, ನೀವು ಕೊಡಬೇಕು. ‘ಡ್ಯೂ ಟು ಯು’: ನಿಮಗೆ ಸಲ್ಲತಕ್ಕದ್ದು, ನೀವು ಪಡೆಯಬೇಕು. ‘ಡ್ಯೂ ಟು ರೇನ್’ ಎಂಬಲ್ಲಿ ಮಾತ್ರ ಅದೇ ‘ಟು’ ಕಾರಣವನ್ನು ಹೇಳುತ್ತದೆ: ಮಳೆಯ ದೆಸೆಯಿಂದ.

ಕೆಲಸ ಬಿಡುವಾಗ ಈ ಭೇದ ಬಹಳ ಮುಖ್ಯ. ಆಗ ಬರುವ ‘ಡ್ಯೂಸ್’ ನಾಮಪದ. ಸಲ್ಲತಕ್ಕ ಹಣ ಎಂದರ್ಥ. ಕಾಗದದಲ್ಲಿ ‘ನೋ ಡ್ಯೂಸ್ ಫ್ರಮ್ ದಿ ಎಂಪ್ಲಾಯೀ’ ಎಂದಿದ್ದರೆ ನಿಮ್ಮಿಂದ ಏನೂ ಬರಬೇಕಾಗಿಲ್ಲವೆಂದಾಯಿತು. ‘ಐ ಹ್ಯಾವ್ ರಿಸೀವ್ಡ್ ಆಲ್ ಮೈ ಡ್ಯೂಸ್’ ಎಂದಿದ್ದರೆ, ನನಗೆ ಸಲ್ಲತಕ್ಕದ್ದೆಲ್ಲ ಸಂದಿದೆ ಎಂದು ನೀವೇ ಬರೆದುಕೊಟ್ಟಂತೆ. ಕೊನೆಯ ಸಂಬಳ, ರಜೆಯ ಹಣ, ಗ್ರಾಚ್ಯುಯಿಟಿ ಕೈಸೇರುವ ಮೊದಲು ಇದಕ್ಕೆ ಸಹಿ ಹಾಕಿದರೆ ಆಮೇಲೆ ಕೇಳುವುದು ಕಷ್ಟವಾದೀತು.

ಕ್ರೆಡಿಟ್ ಕಾರ್ಡಿನ ಲೆಕ್ಕದಲ್ಲಿಯೂ ಎಚ್ಚರ ಬೇಕು. ‘ಟೋಟಲ್ ಅಮೌಂಟ್ ಡ್ಯೂ’ ಎಂಬುದು ಪೂರ್ತಿ ಹಣ. ‘ಮಿನಿಮಮ್ ಅಮೌಂಟ್ ಡ್ಯೂ’ ಎಂಬುದು ಅದರ ಒಂದು ಪಾಲು. ‘ಡ್ಯೂ ಡೇಟ್’ ಅಂದರೆ ಗಡುವಿನ ದಿನದೊಳಗೆ ಆ ಪಾಲನ್ನಷ್ಟೇ ಕಟ್ಟಿದರೆ ತಡವಾದುದರ ದಂಡ ತಪ್ಪೀತು, ಉಳಿದುದರ ಬಡ್ಡಿ ತಪ್ಪದು.

ಅಭ್ಯಾಸ: ಇವುಗಳಲ್ಲಿ ಕೊಡತಕ್ಕದ್ದು ಯಾವುದು, ಪಡೆಯತಕ್ಕದ್ದು ಯಾವುದು, ಕಾರಣ ಹೇಳುವುದು ಯಾವುದು?
1. ಬೋನಸ್ ಡ್ಯೂ ಟು ಯು.
2. ಲೇಟ್ ಡ್ಯೂ ಟು ಟ್ರಾಫಿಕ್.
3. ರೆಂಟ್ ಡ್ಯೂ ಫ್ರಮ್ ಯು.