ಘಟಕದ ಸವಳು ನೀರು ಎಲ್ಲಿಗೆ ಹೋಗಬೇಕು?

ನಮ್ಮ ಕಾಲೇಜಿನ ವಿಜ್ಞಾನ ಪ್ರದರ್ಶನಕ್ಕೆ ನಾನು ಶುದ್ಧ ಕುಡಿಯುವ ನೀರಿನ ಘಟಕದ ಮಾದರಿ ಮಾಡಿದ್ದೆ. ಇಂಥ ಘಟಕಗಳು ಮಹಾಗಾಂವದ ಸುತ್ತಲಿನ ಎಲ್ಲರಿಗೂ ಗೊತ್ತು. ನಾಣ್ಯ ಹಾಕಿದರೆ ಮುಂದಿನ ನಲ್ಲಿಯಲ್ಲಿ ಸಿಹಿನೀರು ಬರುತ್ತದೆ, ಹಿಂದಿನ ಪೈಪಿನಿಂದ ಸವಳು ನೀರು ಚರಂಡಿಗೆ ಹೋಗುತ್ತದೆ. ಆ ನೀರನ್ನು ಬತ್ತಿದ ಬೋರ್‌ವೆಲ್ಲಿಗೆ ಬಿಟ್ಟರೆ ಚರಂಡಿಯೂ ಸ್ವಚ್ಛ, ಅಂತರ್ಜಲವೂ ಹೆಚ್ಚುತ್ತದೆ ಎಂದು ಚಾರ್ಟಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆದಿದ್ದೆ. ಅದನ್ನು ಓದಿದ ಸರ್ ಒಂದೇ ಪ್ರಶ್ನೆ ಕೇಳಿದರು: “ಪಕ್ಕದ ಹೊಲದ ಬೋರಿನ ನೀರು ಯಾರು ಕುಡಿಯುತ್ತಾರಪ್ಪ?” ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಉಪ್ಪಿನ ಲೆಕ್ಕ

ಆರ್‌ಒ ಎಂದರೆ ಹಿಮ್ಮುಖ ಅಭಿಸರಣೆ. ಒತ್ತಡ ಹಾಕಿ ನೀರನ್ನು ತೆಳು ಪೊರೆಯ ಮೂಲಕ ದಾಟಿಸುತ್ತಾರೆ, ಲವಣಗಳು ಹಿಂದೆ ಉಳಿಯುತ್ತವೆ. ಅಂದರೆ ಯಂತ್ರ ಉಪ್ಪನ್ನು ನಾಶ ಮಾಡುವುದಿಲ್ಲ, ಬೇರ್ಪಡಿಸುತ್ತದೆ ಅಷ್ಟೆ.

ಒಂದು ಉದಾಹರಣೆ ನೋಡೋಣ. ಲೀಟರಿಗೆ 1000 ಮಿ.ಗ್ರಾಂ ಲವಣವಿರುವ 1000 ಲೀಟರ್ ನೀರು ಒಳಗೆ ಹೋಯಿತು ಎನ್ನಿ. ಒಟ್ಟು ಲವಣ 1000 ಗ್ರಾಂ. ಲೀಟರಿಗೆ 50 ಮಿ.ಗ್ರಾಂ ಇರುವ 500 ಲೀಟರ್ ಸಿಹಿನೀರು ಹೊರಬಂದರೆ ಅದರಲ್ಲಿ ಹೋದ ಲವಣ 25 ಗ್ರಾಂ ಮಾತ್ರ. ಉಳಿದ 975 ಗ್ರಾಂ ಇನ್ನುಳಿದ 500 ಲೀಟರಿನಲ್ಲಿದೆ; ಲೀಟರಿಗೆ 1950 ಮಿ.ಗ್ರಾಂ. ಕುಡಿಯುವ ನೀರಿಗೆ ಭಾರತೀಯ ಮಾನಕ ಹೇಳುವ ಅಪೇಕ್ಷಿತ ಮಿತಿ 500 ಮಿ.ಗ್ರಾಂ. ಮೂಲ ನೀರಿನಲ್ಲಿ ಫ್ಲೋರೈಡ್, ನೈಟ್ರೇಟ್ ಇದ್ದರೆ ಅವೂ ಇದೇ ನೀರಿನಲ್ಲಿ ಸಾಂದ್ರವಾಗುತ್ತವೆ.

ನೆಲದಾಳಕ್ಕೆ ಕಳಿಸುವವರೂ ಇದ್ದಾರೆ

ನನ್ನ ಯೋಚನೆ ಹೊಸದೇನಲ್ಲ. ಅಮೆರಿಕದ ಟೆಕ್ಸಾಸ್‌ನ ಎಲ್ ಪಾಸೊ ನಗರದಲ್ಲಿ 2007ರಲ್ಲಿ ಸವಳು ಅಂತರ್ಜಲವನ್ನು ಸಿಹಿಗೊಳಿಸುವ ದೊಡ್ಡ ಘಟಕ ಆರಂಭವಾಯಿತು. ಅಲ್ಲಿ ಉಳಿದ ಉಪ್ಪುನೀರನ್ನು ಪೈಪಿನಲ್ಲಿ ಸುಮಾರು 35 ಕಿ.ಮೀ. ದೂರ ಒಯ್ದು, ಸಾವಿರ ಮೀಟರಿಗೂ ಹೆಚ್ಚು ಆಳದ ಬಾವಿಗಳಿಗೆ ಇಳಿಸುತ್ತಾರೆ. ಅಲ್ಲಿನ ಬಂಡೆಯಲ್ಲಿ ನೀರು ಹಿಡಿಯುವ ರಂಧ್ರಗಳಿವೆ, ಅದರೊಳಗಿನ ನೀರೂ ಮೊದಲೇ ಕುಡಿಯಲು ಬಾರದಷ್ಟು ಉಪ್ಪು. ಇಂಥ ಬಾವಿಗೆ ಉಕ್ಕಿನ ಕೊಳವೆ ಇಳಿಸಿ, ಸುತ್ತ ಸಿಮೆಂಟ್ ತುಂಬಿ, ಮೇಲಿನ ಸಿಹಿನೀರಿನ ಪದರಕ್ಕೆ ಸೋರದಂತೆ ಮುಚ್ಚಬೇಕು.

ನಮ್ಮ ಕಪ್ಪು ಬಂಡೆ ಬೇರೆ

ಮಹಾಗಾಂವ, ಕಮಲಾಪುರದ ಕಡೆ ಎರೆಮಣ್ಣಿನ ಕೆಳಗಿರುವುದು ದಖ್ಖನ್ ಲಾವಾದಿಂದಾದ ಬಸಾಲ್ಟ್. ಅದರಲ್ಲಿ ನೀರು ಬಿರುಕುಗಳಲ್ಲಿ, ಲಾವಾ ಪದರಗಳ ಸಂದುಗಳಲ್ಲಿ ನಿಲ್ಲುತ್ತದೆ, ಹರಿಯುತ್ತದೆ. ಅದೇ ಬಿರುಕುಗಳಿಂದ ನಮ್ಮೆಲ್ಲರ ಬೋರುಗಳಿಗೂ ನೀರು ಬರುವುದು. ಬೋರು ಬತ್ತಿದೆ ಎಂದರೆ ದಾರಿ ಮುಚ್ಚಿದೆ ಎಂದಲ್ಲ. ಅದರೊಳಗೆ ಬಿಟ್ಟ ಸವಳು ನೀರು ನೆರೆಯವರ ಬೋರನ್ನು ಮುಟ್ಟಬಹುದು.

ಹಾಗಾದರೆ ಇನ್ನೂ ಆಳಕ್ಕೆ ಕೊರೆದರೆ? ಗಡಿಯಾಚೆಯ ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ, 1993ರ ಸೆಪ್ಟೆಂಬರ್ 30ರ ಭೂಕಂಪದ ನಂತರ ವಿಜ್ಞಾನಿಗಳು ಕೊರೆದು ನೋಡಿದರು. 338 ಮೀಟರ್ ಬಸಾಲ್ಟ್, ಕೆಳಗೆ ತೆಳುವಾದ ಮಣ್ಣು-ಕಲ್ಲಿನ ಪದರ, ಆಮೇಲೆ ಗಟ್ಟಿಯಾದ ಪುರಾತನ ಶಿಲೆ. ಎಲ್ ಪಾಸೊದಂಥ ದಪ್ಪ ರಂಧ್ರಶಿಲೆ ಅಲ್ಲಿ ಸಿಗಲಿಲ್ಲ.

ಒತ್ತಡದ ಪಾಠ

ಗಟ್ಟಿ ಶಿಲೆಗೆ ಬಲವಂತದಿಂದ ನೀರು ತುಂಬಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಡೆನ್ವರ್ ಸಾಕ್ಷಿ. ಅಲ್ಲಿನ ಸೈನ್ಯದ ಕಾರ್ಖಾನೆ 1962ರಲ್ಲಿ 3671 ಮೀಟರ್ ಆಳದ ಬಾವಿಗೆ ತ್ಯಾಜ್ಯ ದ್ರವ ತುಂಬತೊಡಗಿತು. ಸ್ವಲ್ಪ ದಿನದಲ್ಲೇ ನೆಲ ನಡುಗತೊಡಗಿತು. 1966ರಲ್ಲಿ ತುಂಬುವುದನ್ನು ನಿಲ್ಲಿಸಿದರೂ 1967ರಲ್ಲಿ ಸುಮಾರು 5 ತೀವ್ರತೆಯ ಕಂಪನವಾಯಿತು. ಬಿರುಕಿನ ಎರಡು ಬದಿಗಳು ಒಂದಕ್ಕೊಂದು ಒತ್ತಿಕೊಂಡಿರುವುದರಿಂದ ಘರ್ಷಣೆ ಅವನ್ನು ಹಿಡಿದಿಡುತ್ತದೆ. ನಡುವಿನ ನೀರಿನ ಒತ್ತಡ ಹೆಚ್ಚಿದರೆ ಆ ಹಿಡಿತ ಸಡಿಲವಾಗಿ ಬದಿಗಳು ಜಾರುತ್ತವೆ. ಕಿಲ್ಲಾರಿಯ ಭೂಕಂಪಕ್ಕೆ ಇಂಥ ಬಾವಿ ಕಾರಣವಲ್ಲ. ಊರಿನ ಒಂದು ಘಟಕದ ನೀರಿನಿಂದ ಭೂಮಿ ನಡುಗುವುದೂ ಇಲ್ಲ. ಆದರೆ ನಮ್ಮ ಕಡೆಯ ಶಿಲೆಯಲ್ಲೂ ಒತ್ತಡ ಅಡಗಿದೆ ಎಂದು ಕಿಲ್ಲಾರಿ ತೋರಿಸಿದೆ.

ನಾವು ಮಾಡಬಹುದಾದದ್ದು

1974ರ ಜಲಮಾಲಿನ್ಯ ಕಾಯ್ದೆಯ 24ನೇ ಕಲಂ, ಗೊತ್ತಿದ್ದೂ ನೀರನ್ನು ಮಲಿನಗೊಳಿಸುವ ವಸ್ತುವನ್ನು ಹೊಳೆಗೆ, ಬಾವಿಗೆ ಸೇರಿಸುವುದನ್ನು ನಿಷೇಧಿಸುತ್ತದೆ. ಆ ಕಾಯ್ದೆಯಲ್ಲಿ ‘ಹೊಳೆ’ ಎಂಬುದರಲ್ಲಿ ನೆಲದಡಿಯ ನೀರೂ ಸೇರಿದೆ.

ಘಟಕದ ಸವಳು ನೀರನ್ನು ತೊಟ್ಟಿಯಲ್ಲಿ ಹಿಡಿದು ಶೌಚಾಲಯಕ್ಕೆ, ನೆಲ ತೊಳೆಯಲು, ಗಾಡಿ ತೊಳೆಯಲು ಬಳಸಬಹುದು. ಆ ಕೆಲಸಗಳಿಗೆ ಎತ್ತುವ ಒಳ್ಳೆಯ ನೀರು ಅಷ್ಟು ಉಳಿಯುತ್ತದೆ. ಹೊಲಕ್ಕೆ ಮಾತ್ರ ಅಳೆಯದೆ ಬಿಡಬಾರದು. ನೀರು ಆವಿಯಾದರೂ ಉಪ್ಪು ಎರೆಮಣ್ಣಿನಲ್ಲೇ ಕೂರುತ್ತದೆ. ಕಮಲಾಪುರದ ಹೆಮ್ಮೆಯಾದ ಕೆಂಪು ಬಾಳೆಯಿರಲಿ, ಯಾವ ಬಾಳೆಯೂ ಉಪ್ಪನ್ನು ಹೆಚ್ಚು ತಾಳುವುದಿಲ್ಲ. ಬತ್ತಿದ ಬೋರಿಗೆ ಏನಾದರೂ ಇಳಿಸುವುದಿದ್ದರೆ ಅದು ಸೋಸಿದ ಮಳೆನೀರಾಗಿರಲಿ.

ಬಾವಿ ತೋಡಿಸುವುದು ಸದಕಾ ಜಾರಿಯಾ, ತೋಡಿಸಿದವರು ಹೋದಮೇಲೂ ಪುಣ್ಯ ನಿಲ್ಲದ ದಾನ ಎಂದು ಮನೆಯಲ್ಲಿ ದಾದಿ ಹೇಳುವುದನ್ನು ಕೇಳಿ ಬೆಳೆದವನು ನಾನು. ಬಾವಿ ಕೆಡಿಸಿದರೆ ಅದರ ಹಾನಿಯೂ ಹಾಗೆಯೇ ಮುಂದುವರಿಯುತ್ತದೆ ಎಂಬುದು ಸರ್ ಕೇಳಿದ ಪ್ರಶ್ನೆಯಿಂದ ಹೊಳೆಯಿತು. ಚಾರ್ಟಿನ ಆ ಸಾಲನ್ನು ಅಳಿಸಿ, ಬೋರಿನ ಚಿತ್ರವಿದ್ದ ಜಾಗದಲ್ಲಿ ಒಂದು ತೊಟ್ಟಿ ಬರೆದಿದ್ದೇನೆ.