ಕಚೇರಿಯವರ ಬೆಟ್ಟದ ಚಾರಣ: ನಿಧಾನದವರು ಮುಂದಿರಲಿ

ಕಚೇರಿಯವರೆಲ್ಲ ಸೇರಿ ಕುಮಾರಪರ್ವತ ಹತ್ತಲು ಹೊರಟಿದ್ದೀರಾ? ಸಂತೋಷ. ಆದರೆ ಹೆಸರು ಕೊಡುವ ಮುನ್ನ ಒಂದು ಲೆಕ್ಕ ನೋಡಿ. ಈ ಶಿಖರ ಸಮುದ್ರಮಟ್ಟದಿಂದ 1,712 ಮೀಟರ್ ಎತ್ತರದಲ್ಲಿದೆ. ನಡಿಗೆ ಆರಂಭವಾಗುವ ಕುಕ್ಕೆ ಸುಬ್ರಹ್ಮಣ್ಯ ಇರುವುದು ಘಟ್ಟದ ಬುಡದಲ್ಲಿ. ಅಂದರೆ ನೀವು ಏರಬೇಕಾದುದು ಸುಮಾರು ಒಂದೂವರೆ ಕಿಲೋಮೀಟರ್ ಎತ್ತರ. ಮಹಡಿಗಳ ಲೆಕ್ಕದಲ್ಲಿ ಸುಮಾರು 500 ಮಹಡಿ. ಎರಡನೇ ಮಹಡಿಗೂ ಲಿಫ್ಟ್ ಕಾಯುವ ಅಭ್ಯಾಸವಿದ್ದರೆ ಕನಿಷ್ಠ ಆರು ವಾರ ಮೊದಲೇ ದಿನವೂ ಬಿರುಸಾಗಿ ನಡೆದು, ಮೆಟ್ಟಿಲು ಹತ್ತಿಳಿದು ಮೈಯನ್ನು ಪಳಗಿಸಿಕೊಳ್ಳಬೇಕು. ರಕ್ತದೊತ್ತಡ, ಸಕ್ಕರೆ ಕಾಯಿಲೆ ಅಥವಾ ಹೃದ್ರೋಗ ಇರುವವರು ವೈದ್ಯರನ್ನು ಕೇಳಿಯೇ ಹೊರಡಬೇಕು.

ಗುಂಪಿನಲ್ಲಿ ಹೋಗುವುದರಿಂದ ಧೈರ್ಯ ಬರುತ್ತದೆ, ನಿಜ. ಅಪಾಯವೂ ಅಲ್ಲಿಯೇ ಇದೆ. ಮನೆಯವರೊಂದಿಗೆ ಇದ್ದಾಗ ದಣಿವಾದರೆ ಯಾವ ಸಂಕೋಚವೂ ಇಲ್ಲದೆ ಕೂರುತ್ತೇವೆ. ಮೇಲಧಿಕಾರಿ ಮುಂದೆ ನಡೆಯುತ್ತಿದ್ದರೆ, ನಿನ್ನೆ ಮೊನ್ನೆ ಸೇರಿದ ಹುಡುಗರು ಹಿಂದಿನಿಂದ ನಗುತ್ತಿದ್ದರೆ ಐವತ್ತರ ಗುಮಾಸ್ತರು ಕೂರುವುದಿಲ್ಲ. ಗಿರಿಗದ್ದೆ ದಾಟಿದ ಮೇಲೆ ಕಾಡಿನ ನೆರಳು ತಪ್ಪಿ ಹುಲ್ಲುಗಾವಲಿನ ಏರು ಬಿಸಿಲು ಎದುರಾಗುತ್ತದೆ. ಅಲ್ಲಿ ಎದೆ ಬಿಗಿದರೂ ‘ಗ್ಯಾಸ್ ಇರಬೇಕು’ ಎಂದು ಸುಮ್ಮನಾಗುತ್ತಾರೆ. ನಡೆದಾಗ ಎದೆ ಹಿಂಡಿದಂತಾಗಿ ನಿಂತಾಗ ಕಡಿಮೆಯಾಗುವ ನೋವು, ಎಡತೋಳಿಗೋ ದವಡೆಗೋ ಹಬ್ಬುವ ನೋವು, ತಣ್ಣನೆಯ ಬೆವರು, ಇವನ್ನು ಹೃದಯದ ತೊಂದರೆ ಎಂದೇ ತಿಳಿಯಬೇಕು. ಅಂಥವರನ್ನು ಕುಳ್ಳಿರಿಸಿ, 108ಕ್ಕೆ ಕರೆ ಮಾಡಿ. ನಡೆಸದೆ ಹೊತ್ತು ಇಳಿಸಿ. ಮೊಬೈಲಿಗೆ ಸಿಗ್ನಲ್ ಸಿಗದಿದ್ದರೆ ಇಬ್ಬರು ಕೆಳಗೆ ಹೋಗಿ ಸಹಾಯ ತರಲಿ, ಉಳಿದವರು ರೋಗಿಯ ಬಳಿಯಲ್ಲೇ ಇರಲಿ.

ಆದ್ದರಿಂದ ಎಲ್ಲರಿಗಿಂತ ನಿಧಾನವಾಗಿ ನಡೆಯುವವರನ್ನು ಮುಂದೆ ಬಿಡಿ. ಉಳಿದವರು ಅವರ ಹಿಂದೆ ಬರಲಿ. ಮಾತನಾಡುತ್ತಾ ಹತ್ತಲು ಸಾಧ್ಯವಾದರೆ ವೇಗ ಸರಿಯಾಗಿದೆ ಎಂದರ್ಥ. ಒಂದು ವಾಕ್ಯ ಮುಗಿಸಲು ಎರಡು ಸಲ ಉಸಿರು ಬೇಕಾದರೆ ನಿಲ್ಲಿ.

ದಾರಿಯಲ್ಲಿ ನೀರು ಸಿಕ್ಕೀತೆಂದು ನಂಬಿ ಹೊರಡಬೇಡಿ. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿ ಒಯ್ದರೆ ಬೆವರಿನಲ್ಲಿ ಹೋದ ಲವಣವೂ ಮರಳುತ್ತದೆ. ಇನ್ಸುಲಿನ್ ತೆಗೆದುಕೊಳ್ಳುವವರ ಜೇಬಿನಲ್ಲಿ ಸಕ್ಕರೆ ಇರಲಿ, ಪಕ್ಕದವರಿಗೆ ಆ ವಿಷಯ ತಿಳಿದಿರಲಿ. ಕೈ ನಡುಗಿ, ಬೆವರಿ, ಮಾತು ತೊದಲಿದರೆ ಕೂಡಲೇ ಮೂರು ನಾಲ್ಕು ಚಮಚ ತಿನ್ನಿಸಬೇಕು. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬಾರದು. ಮಳೆಗಾಲ ಕಳೆದ ಹೊಸತರಲ್ಲಿ ಇಂಬಳ ಕಾಲಿಗೆ ಹತ್ತುವುದುಂಟು. ಅದರಿಂದ ಹೆದರಿಕೆಯೇ ಹೆಚ್ಚು, ಹಾನಿ ಕಡಿಮೆ.

ಇಳಿಯುವುದು ಸುಲಭವೆಂದು ಓಡುವವರಿದ್ದಾರೆ. ಇಳಿಯುವಾಗ ತೊಡೆಯ ಸ್ನಾಯುಗಳು ಹಿಗ್ಗುತ್ತಲೇ ಮೈಭಾರ ತಡೆಯುತ್ತವೆ. ಅದಕ್ಕೇ ಭಾನುವಾರ ಇಳಿದವರಿಗೆ ಸೋಮವಾರ, ಮಂಗಳವಾರ ಕಾಲು ಹಿಡಿದುಕೊಳ್ಳುವುದು. ಎರಡು ಮೂರು ದಿನದಲ್ಲಿ ತಾನೇ ಕಡಿಮೆಯಾಗುವ ಈ ನೋವಿಗೆ, ಮೈಯ ನೀರು ಬತ್ತಿರುವಾಗ ನೋವಿನ ಮಾತ್ರೆ ನುಂಗಿದರೆ ಮೂತ್ರಪಿಂಡಕ್ಕೆ ಪೆಟ್ಟು ಬೀಳಬಹುದು. ನೋವು ವಿಪರೀತವಾಗಿ, ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ಕಚೇರಿಗೆ ರಜೆ ಹಾಕಿ ಅಂದೇ ಆಸ್ಪತ್ರೆಗೆ ಹೋಗಿ.